ಸ್ಟೇಷನ್ ತನಕ ಸೈಕಲ್, ಆಮೇಲೆ ರೈಲು: ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ, ದಿನಾ ರೈಲಿನಲ್ಲಿ ಅಪ್ ಅಂಡ್ ಡೌನ್ ಮಾಡುವವರು ಸ್ಟೇಷನ್ನಿಗೆ ಸೈಕಲ್ಲಿನಲ್ಲಿ ಬಂದರೆ ಎಷ್ಟು ಅನುಕೂಲ ಅಂತ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಿಂದ ಆರಿಸಿದ ಪ್ರಶ್ನೆಗಳು ಇಲ್ಲಿವೆ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ. ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದು ನಿವೃತ್ತನಾದವನು. ಮಾಲೂರಿನಿಂದ ವೈಟ್‌ಫೀಲ್ಡಿಗೆ ಪಾಸ್ ಹಿಡಿದು ಓಡಾಡಿದವನು. ಮನೆಯಿಂದ ಸ್ಟೇಷನ್ನಿಗೆ ಒಂದು ಸೈಕಲ್, ವೈಟ್‌ಫೀಲ್ಡಿನಲ್ಲಿ ಇಳಿದ ಮೇಲೆ ಇನ್ನೊಂದು. ಈಗಲೂ ಚೀಲದಲ್ಲಿ ಅಳತೆ ಟೇಪು ಇಟ್ಟುಕೊಂಡೇ ಮನೆ ಬಿಡುತ್ತೇನೆ. ನನ್ನ ಹೆಂಡತಿಗೆ ಇದು ನಾಚಿಕೆಯ ವಿಷಯ.

ಪ್ರಶ್ನೆ: ನಾನು ಡಿಗ್ರಿ ಓದುತ್ತಿದ್ದೇನೆ. ನಮ್ಮೂರಿನಿಂದ ಸ್ಟೇಷನ್ನಿಗೆ 4 ಕಿ.ಮೀ. ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ಲಿನಲ್ಲೇ ಈಗಲೂ ಹೋಗುತ್ತೇನೆ. ಸ್ಟ್ಯಾಂಡಿನಲ್ಲಿ ಬೈಕಿನವರು ಬಂದರೆ ನಮ್ಮ ಸೈಕಲ್ ಎತ್ತಿ ಮೂಲೆಗೆ ಹಾಕುತ್ತಾರೆ. ಸಂಜೆ ಬಂದು ನೋಡಿದರೆ ಎಲ್ಲ ಸೈಕಲ್ಲೂ ಒಂದರ ಮೇಲೊಂದು ಬಿದ್ದಿರುತ್ತವೆ. ಯಾರಿಗೆ ಹೇಳಬೇಕು ಅಂಕಲ್?
— ವಿದ್ಯಾರ್ಥಿನಿ, ಬಂಗಾರಪೇಟೆ ಲೈನಿನ ಒಂದು ಹಳ್ಳಿ

ಉತ್ತರ: ನೋಡಮ್ಮ, ಸ್ಟ್ಯಾಂಡಿನ ಹುಡುಗನ ಮೇಲೆ ರೇಗಿ ಏನೂ ಸಿಗುವುದಿಲ್ಲ. ಅವನಿಗೆ ಕೊಟ್ಟಿರುವುದು ಒಂದು ಬಯಲು, ಒಂದು ಕುರ್ಚಿ, ಒಂದು ಚೀಟಿ ಪುಸ್ತಕ. ಸೈಕಲ್ ಎಲ್ಲಿ, ಬೈಕ್ ಎಲ್ಲಿ ಅಂತ ನೆಲದ ಮೇಲೆ ಒಂದು ಸುಣ್ಣದ ಗೆರೆಯೂ ಇಲ್ಲ. ಬೈಕಿಗೆ ದುಡ್ಡು ಜಾಸ್ತಿ. ಸೈಕಲ್ಲಿಗೆ ದುಡ್ಡೂ ಕಡಿಮೆ, ತೂಕವೂ ಕಡಿಮೆ. ಎತ್ತಿ ಹಾಕುವುದು ಸುಲಭ ಅಂತ ಎತ್ತಿ ಹಾಕುತ್ತಾನೆ.

ಸ್ಟೇಷನ್ ಮಾಸ್ಟರಿಗೆ ಒಂದು ಮಾತು ಹೇಳು, ಆದರೆ ಅಲ್ಲಿಗೇ ನಿಲ್ಲಿಸಬೇಡ. ಪಾರ್ಕಿಂಗ್ ಜಾಗವನ್ನು ಗುತ್ತಿಗೆಗೆ ಕೊಡುವುದು ರೈಲ್ವೆ ವಿಭಾಗದ ವಾಣಿಜ್ಯ ಶಾಖೆ. ಅಲ್ಲಿಯ ದೊಡ್ಡ ಅಧಿಕಾರಿಯನ್ನು ರೈಲ್ವೆಯವರು ಸೀನಿಯರ್ ಡಿಸಿಎಂ ಎನ್ನುತ್ತಾರೆ. ನಿಮ್ಮ ಲೈನಿಗೆ ಬೆಂಗಳೂರು ವಿಭಾಗ. ಅರ್ಜಿ ಅವರ ಹೆಸರಿಗೆ ಹೋಗಲಿ, ಒಂದು ನಕಲು ವಿಭಾಗದ ಮುಖ್ಯಸ್ಥರಾದ ಡಿಆರ್‌ಎಂ ಅವರಿಗೆ ಹೋಗಲಿ. ಅದಕ್ಕೂ ಮೊದಲು ಮಾಹಿತಿ ಹಕ್ಕಿನಲ್ಲಿ ಎರಡೇ ವಿಷಯ ಕೇಳು. ಈಗಿನ ಪಾರ್ಕಿಂಗ್ ಗುತ್ತಿಗೆ ಯಾವ ತಿಂಗಳು ಮುಗಿಯುತ್ತದೆ? ಗುತ್ತಿಗೆಯ ಷರತ್ತಿನಲ್ಲಿ ಸೈಕಲ್ಲಿಗೆ ಇಂತಿಷ್ಟು ಜಾಗ ಅಂತ ಬರೆದಿದೆಯೇ, ಇಲ್ಲವೇ? ಶುಲ್ಕ 10 ರೂಪಾಯಿ. ಗುತ್ತಿಗೆ ನಡೆಯುತ್ತಿರುವಾಗ ಷರತ್ತು ಬದಲಾಯಿಸುವುದು ಕಷ್ಟ. ಹೊಸ ಹರಾಜಿಗೆ ಮುಂಚೆ ಕೇಳಿದರೆ ಒಂದು ಸಾಲು ಸೇರಿಸಿದರೆ ಮುಗಿಯಿತು.

ಅರ್ಜಿಯಲ್ಲಿ "ಸೈಕಲ್ಲಿಗೆ ಸೂಕ್ತ ವ್ಯವಸ್ಥೆ ಮಾಡಿಕೊಡಿ" ಅಂತ ಮಾತ್ರ ಬರೆಯಬೇಡ. "ಗಮನಿಸಲಾಗಿದೆ" ಅಂತ ಉತ್ತರ ಬರುತ್ತದೆ, ಫೈಲು ಮುಚ್ಚುತ್ತದೆ. ಅಳತೆ ಹಾಕಿ ಕೇಳು. ಒಂದು ಸೈಕಲ್ ಸುಮಾರು 6 ಅಡಿ ಉದ್ದ, ಹ್ಯಾಂಡಲ್ 2 ಅಡಿ ಅಗಲ. ಇಂಗ್ಲಿಷಿನ ಯು ಅಕ್ಷರವನ್ನು ಬೋರಲು ಹಾಕಿದ ಆಕಾರಕ್ಕೆ ಕಬ್ಬಿಣದ ಪೈಪು ಬಗ್ಗಿಸಬೇಕು. ನೆಲದಿಂದ ಎರಡೂವರೆ ಅಡಿ ಎತ್ತರ ಸಾಕು. ಎರಡು ಕಾಲೂ ಕಾಂಕ್ರೀಟಿನಲ್ಲಿ ಹೂತಿರಬೇಕು. ಒಂದು ಪೈಪಿಗೂ ಇನ್ನೊಂದಕ್ಕೂ ನಡುವೆ 1 ಮೀಟರ್ ಬಿಡಬೇಕು. ಪ್ರತಿ ಪೈಪಿಗೆ ಎಡಕ್ಕೊಂದು, ಬಲಕ್ಕೊಂದು ಸೈಕಲ್. ಫ್ರೇಮ್ ಪೈಪಿಗೆ ಒರಗುತ್ತದೆ, ಬೀಗವೂ ಫ್ರೇಮಿಗೇ ಬೀಳುತ್ತದೆ. ಹೂತಿಟ್ಟ ಪೈಪಿಗೆ ಬೀಗ ಹಾಕಿದ ಸೈಕಲ್ಲನ್ನು ಯಾರೂ ಎತ್ತಿ ಮೂಲೆಗೆ ಹಾಕಲಾರರು. ನಿನ್ನ ತೊಂದರೆಗೆ ಮದ್ದು ಇದೇ. ನಿಮ್ಮೂರಿನ ಗ್ರಿಲ್ ಅಂಗಡಿಯವರು ಇದನ್ನು ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ಬೇರೆ ದೇಶದಿಂದ ತರಿಸುವ ವಸ್ತುವೇನಲ್ಲ.

ಮುಂದಿನ ಚಕ್ರ ಮಾತ್ರ ಸಿಕ್ಕಿಸುವ ಸರಳಿನ ಸ್ಟ್ಯಾಂಡ್ ಹಾಕಿಕೊಡುತ್ತೇವೆ ಅಂದರೆ ಬೇಡ ಅನ್ನು. ಅದು ಮನುಷ್ಯನನ್ನು ಕಾಲಿನ ಹೆಬ್ಬೆರಳು ಹಿಡಿದು ನಿಲ್ಲಿಸಿದ ಹಾಗೆ. ಪಕ್ಕದ ಗಾಡಿ ಸ್ವಲ್ಪ ತಾಗಿದರೂ ಸೈಕಲ್ ವಾಲುತ್ತದೆ, ಭಾರವೆಲ್ಲ ರಿಮ್ಮಿನ ಮೇಲೆ ಬೀಳುತ್ತದೆ. ನಿನ್ನ ಸೈಕಲ್ಲನ್ನೇ ಈಗ ಹ್ಯಾಂಡಲ್ ಹಿಡಿದು ಮುಂದಿನ ಚಕ್ರ ಎತ್ತಿ ತಿರುಗಿಸಿ ನೋಡು. ಒಂದು ಸುತ್ತಿನಲ್ಲಿ ಒಂದೇ ಕಡೆ ಬ್ರೇಕ್ ರಬ್ಬರಿಗೆ "ಚರ್" ಅಂತ ಉಜ್ಜಿದರೆ ರಿಮ್ ಬಾಗಿದೆ ಅಂತ ಅರ್ಥ. ಸ್ಪೋಕ್ ಬಿಗಿ ಮಾಡಿಸಿ ಬೆಂಡು ತೆಗೆಸಿಕೋ. ಹಾಗೇ ಬಿಟ್ಟರೆ ಸ್ಪೋಕುಗಳು ಒಂದೊಂದಾಗಿ ಮುರಿಯುತ್ತವೆ.

ಜಾಗ ಎಲ್ಲಿ ಅಂತಲೂ ನೀವೇ ತೋರಿಸಿ. ಟಿಕೆಟ್ ಕೌಂಟರಿನಿಂದಲೋ ಟೀ ಅಂಗಡಿಯಿಂದಲೋ ಕಾಣುವಂತಿರಬೇಕು. ಕಾಂಪೌಂಡಿನ ಹಿಂದೆ, ಯಾರೂ ತಿರುಗಿ ನೋಡದ ಕಡೆ ಕೊಟ್ಟರೆ ಒಪ್ಪಬೇಡಿ. ನಿಮ್ಮ ಲೈನಿನಲ್ಲಿ ಬಂಗಾರಪೇಟೆ, ಮಾಲೂರು, ವೈಟ್‌ಫೀಲ್ಡ್, ಕೆ.ಆರ್. ಪುರ ಸ್ಟೇಷನ್ನುಗಳು, ಹಳೇ ಸ್ಟೇಷನ್ನುಗಳನ್ನು ನವೀಕರಿಸುವ ಅಮೃತ ಭಾರತ ಯೋಜನೆಯ ಪಟ್ಟಿಯಲ್ಲಿವೆ. ಸ್ಟೇಷನ್ನಿನ ಮುಂದಿನ ಅಂಗಳವನ್ನು ಹೊಸದಾಗಿ ಮಾಡುವುದೂ ಆ ಯೋಜನೆಯಲ್ಲಿ ಸೇರಿದೆ. ಅಂಗಳಕ್ಕೆ ಟೈಲ್ಸ್ ಹಾಸಿದ ಮೇಲೆ ಪೈಪು ಹೂಳಲು ಅಗೆಯಬೇಕು ಅಂದರೆ ಯಾರೂ ಕೇಳುವುದಿಲ್ಲ. ಈಗಲೇ ಬೆಳಗಿನ ಗಾಡಿಯಲ್ಲಿ ಪಾಸಿನವರ ಸಹಿ ಹಾಕಿಸು. ನಿನ್ನ ಜೊತೆ ಓಡಾಡುವ ಹುಡುಗಿಯರು ಮಾತ್ರವಲ್ಲ, ಬೈಕಿನಲ್ಲಿ ಬರುವವರೂ ಸಹಿ ಹಾಕಲಿ. ಸೈಕಲ್ಲು ಒಂದು ಕಡೆ ನೆಟ್ಟಗೆ ನಿಂತರೆ ಅವರಿಗೂ ಜಾಗ ಸಲೀಸು.

ಪ್ರಶ್ನೆ: ಸೈಕಲ್ಲಿನವರಿಂದ ರೈಲ್ವೆಗೆ ಏನು ಬರುತ್ತದೆ? ಅದೇ ಜಾಗ ಕಾರಿಗೆ ಕೊಟ್ಟರೆ ಆದಾಯ ಜಾಸ್ತಿ ಅಲ್ವಾ?
— ಒಬ್ಬ ಓದುಗರು, ಕೆಂಗೇರಿ

ಉತ್ತರ: ಲೆಕ್ಕ ಹಾಕೋಣ ಸರ್. ಒಂದು ಕಾರು ನಿಲ್ಲಿಸಲು ಎರಡೂವರೆ ಮೀಟರ್ ಅಗಲ, 5 ಮೀಟರ್ ಉದ್ದದ ಜಾಗ ಬೇಕು. ಆ 5 ಮೀಟರಿನಲ್ಲಿ ಮೇಲೆ ಹೇಳಿದ ಪೈಪು ಐದು ಹಿಡಿಯುತ್ತವೆ, ಅಂದರೆ 10 ಸೈಕಲ್. ಬೆಳಿಗ್ಗೆ ಬರುವ ಕಾರಿನಿಂದ ಹೆಚ್ಚಿನ ದಿನ ಇಳಿಯುವುದು ಒಬ್ಬರೇ. ಅದೇ ಜಾಗದ ಸೈಕಲ್ಲುಗಳಿಂದ ಹತ್ತು ಜನ ಇಳಿಯುತ್ತಾರೆ. ಹತ್ತು ಪಾರ್ಕಿಂಗ್ ಚೀಟಿಯ ಜೊತೆಗೆ ಹತ್ತು ರೈಲು ಪಾಸು. ಪಾರ್ಕಿಂಗ್ ಗುತ್ತಿಗೆದಾರನ ಕಣ್ಣಿಗೆ ಕಾಣುವುದು ಚೀಟಿ ಮಾತ್ರ. ರೈಲ್ವೆ ಪಾಸಿನ ದುಡ್ಡನ್ನೂ ಸೇರಿಸಿ ನೋಡಬೇಕು.

ಇನ್ನೊಂದು ಲೆಕ್ಕವಿದೆ. ಹತ್ತು ನಿಮಿಷ ನಡೆದರೆ 800 ಮೀಟರ್ ಹೋಗುತ್ತೇವೆ. ಹತ್ತು ನಿಮಿಷ ಸೈಕಲ್ ತುಳಿದರೆ ಆರಾಮವಾಗಿ ಎರಡೂವರೆ ಕಿ.ಮೀ. ದೂರ ಮೂರು ಪಟ್ಟು ಆದರೆ ಸ್ಟೇಷನ್ ಸುತ್ತಲಿನ ವಿಸ್ತೀರ್ಣ ಒಂಬತ್ತು ಪಟ್ಟು ದಾಟುತ್ತದೆ. ಹೊಸ ಹಳಿ ಹಾಕದೆ, ಹೊಸ ಸ್ಟೇಷನ್ ಕಟ್ಟದೆ ಇಷ್ಟು ಬಡಾವಣೆಗಳು ರೈಲಿಗೆ ಹತ್ತಿರ ಬರುತ್ತವೆ. ಕೆಲವು ಪೈಪಿನ ಖರ್ಚಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ನನಗಂತೂ ಕಂಡಿಲ್ಲ.

ಪ್ರಶ್ನೆ: ಸ್ಟ್ಯಾಂಡಿನ ಗೋಳೇ ಬೇಡ. ಸೈಕಲ್ಲನ್ನೇ ರೈಲಿನಲ್ಲಿ ಹಾಕಿಕೊಂಡು ಹೋಗಿ, ಬೆಂಗಳೂರಿನಲ್ಲಿ ಇಳಿದು ತುಳಿಯಬಹುದಲ್ಲ? ಮೆಟ್ರೋದಲ್ಲಿ ಬಿಡುತ್ತಾರಾ?
— ದಿನನಿತ್ಯದ ಪ್ರಯಾಣಿಕ, ತುಮಕೂರು

ಉತ್ತರ: ರೈಲ್ವೆಯಲ್ಲಿ ಸೈಕಲ್ ಸಾಗಿಸಬೇಕಾದರೆ ಬುಕ್ ಮಾಡಿ ಬ್ರೇಕ್ ವ್ಯಾನಿಗೆ, ಅಂದರೆ ಲಗೇಜು ಸಾಗಿಸುವ ಬೋಗಿಗೆ ಹಾಕಿಸಬೇಕು. ವರ್ಗವಾಗಿ ಬೇರೆ ಊರಿಗೆ ಹೋಗುವವರಿಗೆ ಅದು ಸರಿ. ಬೆಳಿಗ್ಗೆ ಓಡಿ ಬಂದು ಗಾಡಿ ಹತ್ತುವವರಿಗೆ ಅಲ್ಲ. ತುಮಕೂರು ಗಾಡಿಯ ಬಾಗಿಲಲ್ಲಿ ನಿಮಗೇ ಒಂದು ಕಾಲಿಡಲು ಜಾಗ ಇರುವುದಿಲ್ಲ. ಹ್ಯಾಂಡಲ್ ಸಮೇತ ಸೈಕಲ್ ನುಗ್ಗಿಸಿದರೆ ಯಶವಂತಪುರ ಬರುವುದರೊಳಗೆ ಜಗಳ ಗ್ಯಾರಂಟಿ.

ನಮ್ಮ ಮೆಟ್ರೋದಲ್ಲಿ ಮಡಚುವ ಸೈಕಲ್ಲಿಗೆ ಅವಕಾಶ ಇದೆ. ಮಡಚಿದ ಮೇಲೆ ಲಗೇಜ್ ಸ್ಕ್ಯಾನರಿನೊಳಗೆ ಹೋಗುವಷ್ಟು ಚಿಕ್ಕದಾಗಬೇಕು. ಅಂಗಡಿಯಲ್ಲಿ "ಫೋಲ್ಡಿಂಗ್" ಅಂತ ಮಾರುವುದೆಲ್ಲ ಅಷ್ಟು ಚಿಕ್ಕದಾಗುವುದಿಲ್ಲ. ಕೊಳ್ಳುವ ಮುಂಚೆ ಮಡಚಿಸಿ, ಟೇಪು ಹಿಡಿದು ಅಳೆದು ನೋಡಿ. ಎತ್ತಿಯೂ ನೋಡಿ. ಹನ್ನೆರಡು ಹದಿಮೂರು ಕಿಲೋ ಅಂಗಡಿಯಲ್ಲಿ ಹಗುರ ಅನಿಸುತ್ತದೆ, ಎಸ್ಕಲೇಟರ್ ಕೆಟ್ಟ ದಿನ ಭಾರ ಅನಿಸುತ್ತದೆ. ಕೊಚ್ಚಿ ಮೆಟ್ರೋದವರು 2020ರಲ್ಲಿ ಮಾಮೂಲಿ ಸೈಕಲ್ಲನ್ನೂ ಒಳಗೆ ಬಿಡಲು ಶುರು ಮಾಡಿದರು. ಅದು ಚಿಕ್ಕ ಮೆಟ್ರೋ, ಜಾಗ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಮೆಜೆಸ್ಟಿಕ್ಕಿನಲ್ಲಿ ಅದನ್ನು ಊಹಿಸಿಕೊಳ್ಳಿ!

ಸೈಕಲ್ಲನ್ನೂ ರೈಲನ್ನೂ ಜೋಡಿಸಿ ಕೆಲಸ ಮಾಡುವವರು ನಮ್ಮಲ್ಲೇ ಇದ್ದಾರೆ, ಮುಂಬೈನ ಡಬ್ಬಾವಾಲಾಗಳು. 1890ರಲ್ಲಿ ಶುರುವಾದ ವ್ಯವಸ್ಥೆ ಅದು. ಈಗ ಮನೆಮನೆಯಿಂದ ಡಬ್ಬಿ ಎತ್ತಿ ಸೈಕಲ್ಲಿನಲ್ಲಿ ಸ್ಟೇಷನ್ನಿಗೆ ತರುತ್ತಾರೆ. ಅಲ್ಲಿಂದ ಡಬ್ಬಿ ತುಂಬಿದ ಹಲಗೆ ಲೋಕಲ್ ರೈಲಿನ ಲಗೇಜ್ ಬೋಗಿ ಹತ್ತುತ್ತದೆ. ಸೈಕಲ್ ಹತ್ತುವುದಿಲ್ಲ. ಇಳಿಯುವ ಕಡೆ ಬೇರೆ ಸೈಕಲ್, ಬೇರೆ ಕೈಗಾಡಿ ಕಾದಿರುತ್ತದೆ. ನಾನು ವೈಟ್‌ಫೀಲ್ಡಿನಲ್ಲಿ ಎರಡನೇ ಸೈಕಲ್ ಇಟ್ಟಿದ್ದೂ ಇದೇ ಲೆಕ್ಕದಲ್ಲಿ. ಸೆಕೆಂಡ್ ಹ್ಯಾಂಡ್ ಸೈಕಲ್ ಅದು, ಬಣ್ಣ ಹೋಗಿತ್ತು, ಬೆಲ್ ಇರಲಿಲ್ಲ, ಕ್ಯಾರಿಯರಿಗೆ ರಬ್ಬರ್ ಟ್ಯೂಬು ಸುತ್ತಿದ್ದೆ. ಯಾರೂ ಕದಿಯಬೇಕು ಅಂದುಕೊಳ್ಳುವ ರೂಪವೇ ಅಲ್ಲ. ಆದರೆ ಬ್ರೇಕು, ಚೈನು, ಟಯರು ಮಾತ್ರ ಹೊಸದು.

ಸೈಕಲ್ಲಿನ ದೇಶ ನೆದರ್‌ಲ್ಯಾಂಡ್ಸಿನಲ್ಲೂ (ನಾವು ಹಾಲೆಂಡ್ ಅನ್ನುತ್ತೇವಲ್ಲ, ಅದು) ಬೆಳಿಗ್ಗೆ, ಸಂಜೆ ರಶ್ ಹೊತ್ತಿನಲ್ಲಿ ರೈಲಿನೊಳಗೆ ಮಾಮೂಲಿ ಸೈಕಲ್ ಬಿಡುವುದಿಲ್ಲ. ಉಳಿದ ಹೊತ್ತಿನಲ್ಲಿ ಅದಕ್ಕೂ ಟಿಕೆಟ್ ಬೇಕು. ಮಡಚಿದ್ದಕ್ಕೆ ಮಾತ್ರ ಬಿಟ್ಟಿ. ಇದಕ್ಕೆ ಉಲ್ಟಾ ಅಂದರೆ ಡೆನ್ಮಾರ್ಕಿನ ಕೋಪನ್‌ಹೇಗನ್. ಅಲ್ಲಿಯ ಲೋಕಲ್ ರೈಲಿನಲ್ಲಿ 2010ರಿಂದ ಸೈಕಲ್ಲಿಗೆ ದುಡ್ಡಿಲ್ಲ. ಅದಕ್ಕಾಗಿ ಬೋಗಿಯಲ್ಲಿ ದೊಡ್ಡ ಜಾಗವನ್ನೇ ಬಿಟ್ಟುಕೊಟ್ಟಿದ್ದಾರೆ. ನಮ್ಮ ಮೆಮು ಲೋಕಲ್ ರೈಲಿನಲ್ಲಿ ಮನುಷ್ಯರಿಗೆ ಸಾಕಾಗುವಷ್ಟು ಬೋಗಿ ಬಂದ ಮೇಲೆ ಆ ಮಾತು.

ಪ್ರಶ್ನೆ: ಮಾಲೂರಿನ ನಿಮ್ಮ ಲೇಖನವನ್ನು ಅಪ್ಪ ಫೋಟೋ ತೆಗೆದು ಕಳಿಸಿದರು. ನಾನು ಸನ್ನಿವೇಲಿನಲ್ಲಿದ್ದೇನೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಸ. ಇಲ್ಲಿಯ ಲೋಕಲ್ ರೈಲು ಕ್ಯಾಲ್‌ಟ್ರೇನಿನಲ್ಲಿ ಸೈಕಲ್ ಒಳಗೇ ಒಯ್ಯಬಹುದು. ಹೀಗಿರುವಾಗ ಸ್ಟೇಷನ್ನಿನಲ್ಲಿ ಯಾಕೆ ಬಿಡಬೇಕು?
— ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್, ಕ್ಯಾಲಿಫೋರ್ನಿಯಾ

ಉತ್ತರ: ನನ್ನ ಮಗಳೂ ನಿಮ್ಮೂರಿನ ಹತ್ತಿರವೇ ಇರುವುದು. ಅಲ್ಲಿಗೆ ಬಂದಾಗ ಅಳಿಯನ ಸೈಕಲ್ ಕೇಳಿ ತೆಗೆದುಕೊಂಡು ಆ ರೈಲು ಹತ್ತಿದ್ದೇನೆ. ಮನೆಯಲ್ಲಿ ಕೂತು ಟೀವಿ ನೋಡುವುದಕ್ಕಿಂತ ಅದೇ ವಾಸಿ. ಸೈಕಲ್ ಬೋಗಿಯಲ್ಲಿ ಗೋಡೆಗೆ ಕಂಬಿಗಳಿವೆ. ಒಂದು ಕಂಬಿಗೆ ನಾಲ್ಕು ಸೈಕಲ್ ತನಕ ಒಂದಕ್ಕೊಂದು ಒರಗಿಸಿ, ಎಲಾಸ್ಟಿಕ್ ಹಗ್ಗದಿಂದ ಕಟ್ಟುತ್ತಾರೆ. ದಿನಾ ಬರುವವರ ಸೈಕಲ್ಲಿಗೆ ಇಳಿಯುವ ಊರಿನ ಹೆಸರಿನ ಚೀಟಿ ತಗುಲಿಸಿರುತ್ತದೆ. ದೂರ ಹೋಗುವವರದು ಒಳಗೆ, ಬೇಗ ಇಳಿಯುವವರದು ಹೊರಗೆ. ನನ್ನದಕ್ಕೆ ಚೀಟಿ ಇರಲಿಲ್ಲ. ಪಕ್ಕದಲ್ಲಿದ್ದ ಹುಡುಗಿ "ಎಲ್ಲಿಗೆ?" ಅಂತ ಕೇಳಿದಳು. ಸ್ಯಾನ್ ಫ್ರಾನ್ಸಿಸ್ಕೋ ಅಂದೆ. ಒಂದೂ ಮಾತಾಡದೆ ಹಗ್ಗ ಬಿಚ್ಚಿ, ನಡುವೆ ಪಾಲೋ ಆಲ್ಟೋದಲ್ಲೇ ಇಳಿಯಬೇಕಾದ ತನ್ನ ಸೈಕಲ್ಲನ್ನು ಹೊರಗೆಳೆದು, ನನ್ನದನ್ನು ಒಳಗೆ ತಳ್ಳಿ, ತನ್ನದನ್ನು ಮೇಲೆ ಒರಗಿಸಿ ಮತ್ತೆ ಕಟ್ಟಿದಳು. ರೈಲು ಹೊರಡುವುದರೊಳಗೆ ಎಲ್ಲ ಮುಗಿದಿತ್ತು. ಪ್ರಯಾಣಿಕರು ತಮ್ಮಲ್ಲೇ ನಡೆಸಿಕೊಂಡು ಹೋಗುವ ಇಂಥ ವ್ಯವಸ್ಥೆ ನನಗೆ ಬಹಳ ಹಿಡಿಸಿತು.

ಆ ರೈಲಿನಲ್ಲಿ ಸೈಕಲ್ ಬಿಡಲು ಶುರು ಮಾಡಿದ್ದು 1992ರಲ್ಲಿ. 2024ರಲ್ಲಿ ಬಂದ ಹೊಸ ಕರೆಂಟ್ ಗಾಡಿಗಳಿಗೆ ಏಳು ಬೋಗಿ, ಅದರಲ್ಲಿ ಎರಡು ಸೈಕಲ್ಲಿನವು, ಒಟ್ಟು 72 ಸೈಕಲ್ಲಿಗೆ ಜಾಗ. ಬೇರೆ ಊರಿನ ರೈಲಿನವರು ಕೇಳಿದರೆ ಹೊಟ್ಟೆ ಉರಿದುಕೊಳ್ಳುವಷ್ಟು! ಆದರೆ 72 ತುಂಬಿದ ಮೇಲೆ 73ನೆಯವರು ಪ್ಲಾಟ್‌ಫಾರ್ಮಿನಲ್ಲೇ ಉಳಿಯಬೇಕು, ಮುಂದಿನ ಗಾಡಿ ಕಾಯಬೇಕು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೋಗಿ ಎಷ್ಟು ಸೇರಿಸಿದರೂ ಇದಕ್ಕೊಂದು ಮಿತಿ ಇದೆ. ಸ್ಟೇಷನ್ನಿನ ಅಂಗಳಕ್ಕೆ ಅಂಥ ಮಿತಿ ಇಲ್ಲ.

ನನ್ನ ಪ್ರಶ್ನೆ ಬೇರೆ. ಆ 72ರಲ್ಲಿ ಇಳಿದ ಮೇಲೆ ನಿಜವಾಗಿ ಸೈಕಲ್ ಬೇಕಾದವರು ಎಷ್ಟು, ಸ್ಟೇಷನ್ನಿನಲ್ಲಿ ಬಿಟ್ಟರೆ ಕಳವಾಗುತ್ತದೆ ಅನ್ನುವ ಭಯಕ್ಕೆ ಒಯ್ಯುವವರು ಎಷ್ಟು? ನಾನು ಮಾತಾಡಿಸಿದವರಲ್ಲಿ ಎರಡೂ ಥರದವರು ಇದ್ದರು. ಒಬ್ಬರ ಆಫೀಸು ಇಳಿದ ಕಡೆಯಿಂದ ನಡೆದು ಹೋಗುವ ದೂರ. ಆದರೂ ಸೈಕಲ್ ತರುತ್ತಿದ್ದರು, ಮನೆ ಹತ್ತಿರದ ಸ್ಟೇಷನ್ನಿನಲ್ಲಿ ಬಿಡಲು ಧೈರ್ಯ ಇಲ್ಲ ಅಂತ. ಅಂಥವರಿಗೆ ಒಳ್ಳೆಯ ಸ್ಟ್ಯಾಂಡ್ ಕೊಟ್ಟರೆ ರೈಲಿನಲ್ಲಿ ಒಂದು ಜಾಗ ಖಾಲಿಯಾಗುತ್ತದೆ, 73ನೆಯವರು ಹತ್ತುತ್ತಾರೆ.

ಹಾಗಾಗಿ ನೀವು ಮೊದಲು ನಿಮ್ಮ ಆಫೀಸಿನ ದೂರ ನೋಡಿ. ಇಳಿದ ಮೇಲೆ ಟ್ರಾಮು ಸಿಗುವುದಾದರೆ, ಅಥವಾ ನಡೆಯುವ ದೂರವಾದರೆ ಸೈಕಲ್ಲನ್ನು ಹತ್ತುವ ಕಡೆ ಬಿಡಿ. ಅಲ್ಲಿ ಎಷ್ಟೋ ಸ್ಟೇಷನ್ನುಗಳಲ್ಲಿ ಕಬ್ಬಿಣದ ಪೆಟ್ಟಿಗೆಯಂಥ ಎಲೆಕ್ಟ್ರಾನಿಕ್ ಲಾಕರುಗಳಿವೆ. ಇಡೀ ಸೈಕಲ್ ಒಳಗೆ ಹೋಗುತ್ತದೆ, ಗಂಟೆಗೆ ಕೆಲವು ಸೆಂಟ್ ಬಾಡಿಗೆ. ಬಾಡಿಗೆ ಗಂಟೆ ಲೆಕ್ಕದಲ್ಲಿ ಇರುವುದೇ ಅದರ ಜಾಣತನ. ತಿಂಗಳ ಲೆಕ್ಕಕ್ಕೆ ಒಬ್ಬರಿಗೇ ಕೊಟ್ಟರೆ ಅವರು ಬರದ ದಿನ ಪೆಟ್ಟಿಗೆ ಖಾಲಿ, ಬೇರೆಯವರಿಗೆ ಸಿಗುವುದಿಲ್ಲ. ನಿಮ್ಮ ಆಫೀಸು ಸ್ಟೇಷನ್ನಿಂದ ಮೂರು ಮೈಲಿ, ಬಸ್ಸೂ ಇಲ್ಲ ಅನ್ನುವುದಾದರೆ ನಿಶ್ಚಿಂತೆಯಿಂದ ಒಳಗೇ ಒಯ್ಯಿರಿ. ಚೀಟಿ ಕಟ್ಟಿಕೊಳ್ಳುವುದು ಮರೆಯಬೇಡಿ. ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ಯಾವ ಬೀಗ ಒಳ್ಳೆಯದು?
— ಒಬ್ಬ ಓದುಗರು, ರಾಮನಗರ

ಉತ್ತರ: ತೆಳು ಕೇಬಲ್ ಬೀಗವನ್ನು ಕಟಿಂಗ್ ಪ್ಲೇಯರಿನಲ್ಲೇ ಕತ್ತರಿಸಬಹುದು. ಲಾಳದ ಆಕಾರದ ಗಟ್ಟಿ ಉಕ್ಕಿನ ಬೀಗ ತೆಗೆದುಕೊಳ್ಳಿ. ಚಕ್ರಕ್ಕೆ ಮಾತ್ರ ಹಾಕಬೇಡಿ, ಫ್ರೇಮನ್ನೂ ಸೇರಿಸಿ ಕಂಬಕ್ಕೆ ಹಾಕಿ. ಚಕ್ರ ಬಿಚ್ಚಿಟ್ಟು ಸೈಕಲ್ ಹೊತ್ತುಕೊಂಡು ಹೋಗುವವರಿದ್ದಾರೆ. ಫ್ರೇಮ್ ನಂಬರನ್ನು ಸೀಟಿನ ಕೆಳಗಿನ ಪೈಪಿನ ಮೇಲೋ, ಪೆಡಲಿನ ಅಚ್ಚಿನ ಅಡಿಯಲ್ಲೋ ಕೆತ್ತಿರುತ್ತಾರೆ. ಅದನ್ನು ಬರೆದಿಡಿ, ಸೈಕಲ್ಲಿನ ಜೊತೆ ನಿಮ್ಮ ಒಂದು ಫೋಟೋ ತೆಗೆಸಿಡಿ. ಸ್ಟ್ಯಾಂಡಿನ ಚೀಟಿ ಕಳೆದುಕೊಂಡಾಗಲೂ ಈ ಫೋಟೋ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ರಾತ್ರಿ ಎಂಟೂವರೆಗೆ ರೈಲಿಂದ ಇಳಿಯುತ್ತೇನೆ. ಸ್ಟ್ಯಾಂಡ್ ಇರುವುದು ಎದುರಿನ ಪ್ಲಾಟ್‌ಫಾರ್ಮಿನ ಕಡೆ. ಅಲ್ಲಿ ಲೈಟಿಲ್ಲ. ಸೈಕಲ್ ಬಿಟ್ಟು ಆಟೋಗೆ ದುಡ್ಡು ಸುರಿಯುತ್ತಿದ್ದೇನೆ. ನೀವಾದರೆ ಏನು ಮಾಡುತ್ತಿದ್ದಿರಿ?
— ಗಾರ್ಮೆಂಟ್ಸ್ ಉದ್ಯೋಗಿ, ಮೈಸೂರು ಲೈನು

ಉತ್ತರ: ನಾನು ಗಂಡಸು, ಕತ್ತಲಲ್ಲಿ ಸುಮ್ನೆ ನಡೆದುಬಿಡುತ್ತಿದ್ದೆ ಮೇಡಂ. ನನ್ನ ಉತ್ತರ ನಿಮಗೆ ಪ್ರಯೋಜನಕ್ಕೆ ಬಾರದು. ಅದರ ಬದಲು ನಮ್ಮ ಕಡೆ ಸ್ಟ್ಯಾಂಡ್ ನೋಡಿಕೊಳ್ಳುತ್ತಿದ್ದ ಒಬ್ಬ ಹೆಂಗಸು ಏನು ಮಾಡುತ್ತಿದ್ದರು ಅಂತ ಹೇಳುತ್ತೇನೆ. ಬೆಳಿಗ್ಗೆ ಸೈಕಲ್ ತೆಗೆದುಕೊಳ್ಳುವಾಗಲೇ "ಯಾವ ಗಾಡಿಗೆ ವಾಪಸ್?" ಅಂತ ಕೇಳುತ್ತಿದ್ದರು. ಕೊನೇ ಗಾಡಿಗೆ ಬರುವವರ ಸೈಕಲ್ ತನ್ನ ಗುಡಿಸಲಿನ ಬಲ್ಬಿನ ಕೆಳಗೆ. ಮಧ್ಯಾಹ್ನ ಬರುವ ಹುಡುಗರದ್ದು ಹಿಂದಿನ ಸಾಲಿಗೆ. ಬಿಲ್ಲೆಗಳನ್ನು ಸೀಮೆಸುಣ್ಣದ ಡಬ್ಬಿಯಲ್ಲಿ ಇಟ್ಟಿದ್ದರು, ನಂಬರು ಅಳಿಸಿ ಹೋಗಿತ್ತು, ಸೈಕಲ್ಲು ಯಾರದ್ದು ಅಂತ ಮುಖ ನೋಡಿಯೇ ಹೇಳುತ್ತಿದ್ದರು. ಸಂಜೆಯ ಹೊತ್ತು ಹೆಂಗಸರ ಸೈಕಲ್ ಬೆಳಕಿನಲ್ಲಿ ಇಡಬೇಕು ಅಂತ ಅವರಿಗೆ ಯಾವ ಎಂಜಿನಿಯರೂ ಕಲಿಸಿರಲಿಲ್ಲ. ನಿಮ್ಮ ಸ್ಟ್ಯಾಂಡಿನವರನ್ನೂ ಇದನ್ನೇ ಕೇಳಿ. ದುಡ್ಡಿಲ್ಲದೆ ನಾಳೆಯೇ ಆಗುವ ಕೆಲಸ ಇದೊಂದು.

ಇನ್ನು ಅರ್ಜಿಯಲ್ಲಿ ಕೇಳಬೇಕಾದ್ದು. ಸ್ಟ್ಯಾಂಡಿಗೆ ಒಂದು ಲೈಟು ಕಂಬ, ಕೊನೇ ಗಾಡಿ ಹೋಗಿ ಅರ್ಧ ಗಂಟೆಯ ತನಕ ಸ್ಟ್ಯಾಂಡ್ ತೆರೆದಿರಬೇಕು ಎಂಬ ಷರತ್ತು, ಎರಡನೇ ಪ್ಲಾಟ್‌ಫಾರ್ಮಿನ ಕಡೆಯೂ ಸೈಕಲ್ಲಿಗೆ ಒಂದಿಷ್ಟು ಪೈಪು. ಆ ಕಡೆ ಜಾಗವೇ ಇಲ್ಲ ಅಂದರೆ ಮೇಲ್ಸೇತುವೆಯ ಮೆಟ್ಟಿಲ ಅಂಚಿಗೆ ಅಂಗೈಯಗಲದ ಕಾಲುವೆ ಮಾಡಿಸಬೇಕು. ಚಕ್ರ ಅದರಲ್ಲಿ ಉರುಳಿಸಿಕೊಂಡು ಸೈಕಲ್ ಹತ್ತಿಸಬಹುದು, ಹೊರಬೇಕಾಗಿಲ್ಲ. ಅದಿಲ್ಲದೆಯೇ ಜನ ಸೈಕಲ್ ಹೆಗಲಿಗೇರಿಸಿ ಹಳಿ ದಾಟುವುದು. ನೀವು ಮಾತ್ರ ಯಾವ ಕಾರಣಕ್ಕೂ ಹಾಗೆ ದಾಟಬೇಡಿ. ಸೈಕಲ್ಲಿಗೆ ಮುಂದೆ ಬಿಳಿ, ಹಿಂದೆ ಕೆಂಪು ಬ್ಯಾಟರಿ ಲೈಟು ಹಾಕಿಸಿ, ಇಳಿದಾಗ ಅದನ್ನು ಬಿಚ್ಚಿ ಚೀಲದಲ್ಲಿಟ್ಟುಕೊಳ್ಳಿ. ಸ್ಟ್ಯಾಂಡಿನಲ್ಲಿ ಬಿಟ್ಟರೆ ಮೊದಲು ಮಾಯವಾಗುವುದೇ ಅದು.

ಪ್ರಶ್ನೆ: ಹಾಲೆಂಡು, ಗೀಲೆಂಡು ಅಂತ ಬರೆಯುತ್ತೀರಿ. ಅವರದ್ದು ಚಪ್ಪಟೆ ದೇಶ, ತಂಪು ದೇಶ, ದುಡ್ಡಿರುವ ದೇಶ. ನಮಗೆ ಅದು ಯಾಕೆ?
— ನಿವೃತ್ತ ಮೇಷ್ಟ್ರು, ಚನ್ನಪಟ್ಟಣ

ಉತ್ತರ: ಮೇಷ್ಟ್ರೇ, ಚಪ್ಪಟೆ ಹೌದು. ಆದರೆ ನೆಲ ಚಪ್ಪಟೆ ಇದ್ದರೂ 1970ರ ಸುಮಾರಿಗೆ ಅಲ್ಲಿ ಕಾರು ಏರಿ ಸೈಕಲ್ ಇಳಿದಿತ್ತು. ರಸ್ತೆಯಲ್ಲಿ ಮಕ್ಕಳು ಸಾಯುವುದನ್ನು ನೋಡಿ ಅಪ್ಪ ಅಮ್ಮಂದಿರು ಬೀದಿಗಿಳಿದರು. 1973ರಲ್ಲಿ ಪೆಟ್ರೋಲಿನ ಬಿಕ್ಕಟ್ಟು ಬಂತು. ಆಮೇಲೆ ದಾರಿ ಬದಲಾಯಿತು. ಗಾಳಿ, ಮಳೆ ಬರುವ ದಿನಗಳು ಅವರಿಗೆ ನಮಗಿಂತ ಜಾಸ್ತಿಯೇ.

ಯೂಟ್ರೆಕ್ಟ್ ಊರಿನ ರೈಲ್ವೆ ಸ್ಟೇಷನ್ನಿನ ಅಂಗಳದ ಕೆಳಗೆ 12,500 ಸೈಕಲ್ ನಿಲ್ಲುವ ಸ್ಟ್ಯಾಂಡ್ ಇದೆ, 2019ರಲ್ಲಿ ಪೂರ್ತಿಯಾಯಿತು. ಮೂರು ಅಂತಸ್ತು, ಒಳಗೆ ಸೈಕಲ್ ತುಳಿದುಕೊಂಡೇ ಹೋಗಬಹುದು. ಯಾವ ಸಾಲು ಖಾಲಿ ಅಂತ ಬೋರ್ಡು ತೋರಿಸುತ್ತದೆ. ಮೊದಲ 24 ಗಂಟೆ ಬಿಟ್ಟಿ. ಆಮ್‌ಸ್ಟರ್‌ಡ್ಯಾಮಿನಲ್ಲಿ ಜಾಗ ಸಾಲದೆ 2023ರಲ್ಲಿ ಸ್ಟೇಷನ್ ಮುಂದಿನ ನೀರಿನ ಅಡಿಯಲ್ಲೇ 7,000 ಸೈಕಲ್ಲಿನ ಸ್ಟ್ಯಾಂಡ್ ಮಾಡಿದರು. ಅದು ನಮಗೆ ಬೇಡ, ಒಪ್ಪುತ್ತೇನೆ. ನಮಗೆ ಬೇಕಾದ್ದು ಅವರ ಎರಡು ಚಿಕ್ಕ ಬುದ್ಧಿವಂತಿಕೆ. ಇಳಿಯುವ ಕಡೆ ರೈಲು ಕಾರ್ಡನ್ನೇ ತೋರಿಸಿ ಬಾಡಿಗೆ ಸೈಕಲ್ ಎತ್ತಿಕೊಳ್ಳುವುದು ಒಂದು. 2003ರಿಂದ ಅದು ನಡೆಯುತ್ತಿದೆ. ನಮ್ಮ ಮೈಸೂರಿನಲ್ಲೂ 2017ರಲ್ಲಿ ಟ್ರಿಣ್ ಟ್ರಿಣ್ ಶುರುವಾಗಿತ್ತಲ್ಲ, ಬಾಡಿಗೆ ಸೈಕಲ್ಲು ನಮಗೆ ಹೊಸದಲ್ಲ. ರೈಲು ಪಾಸಿನ ಜೊತೆ ಅದನ್ನು ಜೋಡಿಸಬೇಕು. ಎರಡನೆಯದು, ಬಿಟ್ಟು ಹೋದ ಸೈಕಲ್ಲಿಗೆ ಚೀಟಿ ಕಟ್ಟಿ, ಗಡುವು ಮುಗಿದ ಮೇಲೆ ಎತ್ತಿಕೊಂಡು ಹೋಗುವುದು. ನಮ್ಮ ಸ್ಟ್ಯಾಂಡುಗಳಲ್ಲಿ ಟಯರಿಲ್ಲದ, ಸೀಟಿಲ್ಲದ, ಜೇಡ ಬಲೆ ಕಟ್ಟಿದ ಸೈಕಲ್ಲುಗಳು ಎಷ್ಟು ಜಾಗ ತಿನ್ನುತ್ತಿವೆ ಅಂತ ಒಂದು ಸಲ ಹೋಗಿ ನೋಡಿ. ಇದಕ್ಕೆ ಚಪ್ಪಟೆ ದೇಶವೂ ಬೇಡ, ದುಡ್ಡೂ ಬೇಡ.

ಪ್ರಶ್ನೆ: ಬೆಂಗಳೂರು ಉಪನಗರ ರೈಲು ಬರುತ್ತದೆ ಅನ್ನುತ್ತಾರೆ. ಅದರಲ್ಲಾದರೂ ಸೈಕಲ್ಲಿಗೆ ಜಾಗ ಸಿಗುತ್ತದಾ?
— ಒಬ್ಬ ಓದುಗರು, ಚಂದಾಪುರ

ಉತ್ತರ: ಕೇಳಿದರೆ ಸಿಗಬಹುದು, ಕೇಳುವ ಹೊತ್ತು ಇದೇ. ಕೇಂದ್ರ ಸಂಪುಟ 2020ರಲ್ಲಿ ಒಪ್ಪಿದ ಯೋಜನೆ ಅದು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ನಾಲ್ಕು ಮಾರ್ಗ, ಒಟ್ಟು 148 ಕಿ.ಮೀ. ಹೆಸರೇನೋ ಚೆನ್ನಾಗಿದೆ, ಕೆಲಸ ಮಾತ್ರ ಆಮೆಗತಿ. ಆ ನಿಧಾನದಿಂದ ನಮಗೊಂದು ಉಪಕಾರವಾಗಿದೆ. ಎಷ್ಟೋ ಸ್ಟೇಷನ್ನುಗಳು ಇನ್ನೂ ನಕ್ಷೆಯಲ್ಲೇ ಇವೆ. ನಕ್ಷೆಯಲ್ಲಿ ತಿದ್ದಲು ಒಂದು ರಬ್ಬರು ಸಾಕು, ಕಾಂಕ್ರೀಟಿನಲ್ಲಿ ತಿದ್ದಲು ಡ್ರಿಲ್ಲು ಬೇಕು. ಇದು ನನ್ನ ಕಸುಬಿನ ಮಾತು.

ನಿಮ್ಮ ಕಡೆಯದು ಕನಕ ಮಾರ್ಗ, ಹೀಲಲಿಗೆಯಿಂದ ರಾಜಾನುಕುಂಟೆಗೆ. ಹೀಲಲಿಗೆ ಸುತ್ತ ಚಂದಾಪುರ, ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಈಗಲೂ ಸೈಕಲ್ಲಿನಲ್ಲಿ ಶಿಫ್ಟಿಗೆ ಹೋಗುವವರಿದ್ದಾರೆ. ಅವರನ್ನು ಸೇರಿಸಿಕೊಂಡು, ಈ ಉಪನಗರ ರೈಲು ಕಟ್ಟುತ್ತಿರುವ ಕೆ-ರೈಡ್ ಸಂಸ್ಥೆಗೆ ಬರೆಯಿರಿ. ಸ್ಟೇಷನ್ನಿಗೆ ಹಳಿಯ ಎರಡೂ ಕಡೆಯಿಂದ ಬಾಗಿಲು ಇರಲಿ. ಕೆಳಸೇತುವೆಗೆ ಮೆಟ್ಟಿಲ ಜೊತೆ ಇಳಿಜಾರೂ ಇರಲಿ. ಸೈಕಲ್ ಸ್ಟ್ಯಾಂಡಿಗೆ ಚಾವಣಿ ಇರಲಿ, ಅದು ಕಾರಿನ ಜಾಗಕ್ಕಿಂತ ಬಾಗಿಲಿಗೆ ಹತ್ತಿರ ಇರಲಿ. ಸೈಕಲ್ಲಿಗೇ ಪ್ರತ್ಯೇಕ ರಸ್ತೆ ಬೇಕು ಅಂತ ಮೊದಲ ಸಾಲಿನಲ್ಲೇ ಹಾಕಬೇಡಿ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದ್ದರು. ಕಂಬಗಳು ಮುರಿದವು, ಬೈಕುಗಳು ನುಗ್ಗಿದವು. ರಸ್ತೆಯ ಜಗಳ ದೊಡ್ಡದು, ಅದಕ್ಕೆ ಹತ್ತು ಇಲಾಖೆ ಬೇಕು. ಸ್ಟ್ಯಾಂಡು ಸ್ಟೇಷನ್ನಿನವರ ಜಾಗದಲ್ಲೇ ಆಗುವ ಕೆಲಸ. ಸ್ಟ್ಯಾಂಡು ತುಂಬಲಿ, ಆಮೇಲೆ ಆ ಸೈಕಲ್ಲುಗಳ ಫೋಟೋ ಹಿಡಿದುಕೊಂಡು ಹೋಗಿ ರಸ್ತೆ ಕೇಳಿ.

ಅರ್ಜಿಯ ಜೊತೆ ಒಂದು ನಕ್ಷೆಯನ್ನೂ ಲಗತ್ತಿಸಿ. ಗೀರು ಗೀರಾಗಿದ್ದರೂ ಪರವಾಗಿಲ್ಲ, ಕಚ್ಚಾ ನಕ್ಷೆಯನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಅಳತೆ ಹಾಕಿ, ಇಂಕಿನಲ್ಲಿ ತಿದ್ದಿ ವಾಪಸ್ ಕಳಿಸುತ್ತೇನೆ.